ದಾನಕ್ಕೊಂದು ಅರ್ಜಿ

ಕಳೆದ ಮಳೆಗಾಲದ ಒಂದು ಭಾನುವಾರ ನಮ್ಮ ಸಂಘದ ಕಾರ್ಯಕಾರಿ ಸಮಿತಿ ಸೇರಿದ್ದಾಗ ಕಾರ್ಯದರ್ಶಿಗಳು ಹದಿನಾಲ್ಕು ಪುಟಗಳ ಕಟ್ಟೊಂದನ್ನು ಮೇಜಿನ ಮೇಲಿಟ್ಟು, "ಇದನ್ನು ಸರಿಯಾಗಿ ತುಂಬಿ ಕಳಿಸಿದರೆ ಮಕ್ಕಳ ಕನ್ನಡ ತರಗತಿಗೂ ವಾಚನಾಲಯಕ್ಕೂ ಮೂರು ವರ್ಷ ಚಿಂತೆಯಿಲ್ಲ" ಎಂದರು. ಅದು ಈ ಊರಿನ ದೊಡ್ಡ ಕಂಪನಿಯೊಂದರ ಧರ್ಮನಿಧಿಯವರು ಹೊರಡಿಸಿದ್ದ ಅರ್ಜಿ. ನಗರದ ಸಂಸ್ಥೆಗಳೆಲ್ಲ ತಮ್ಮ ತಮ್ಮ ಯೋಜನೆಗಳನ್ನು ಬರೆದು ಕಳಿಸಬೇಕು. ಅವುಗಳಲ್ಲಿ ಮೇಲೆನಿಸಿದ ಕೆಲವಕ್ಕೆ ಮಾತ್ರ ಹಣ. ನಮ್ಮ ಹಿರಿಯ ಸದಸ್ಯರೊಬ್ಬರು ಕನ್ನಡಕ ಏರಿಸಿ ನಾಲ್ಕು ಪುಟ ಓದಿ, "ಅಲ್ಲ ಸ್ವಾಮೀ, ದಾನ ತೆಗೆದುಕೊಳ್ಳುವುದಕ್ಕೂ ಪರೀಕ್ಷೆ ಬರೆಯಬೇಕೇ? ನಮ್ಮ ಕಾಲದಲ್ಲಿ ಹೋಟೆಲಿನ ಗಲ್ಲಾದ ಮುಂದೆ ಹತ್ತು ನಿಮಿಷ ಕೂತು ಒಂದು ಕಾಫಿ ಕುಡಿದು ಎದ್ದರೆ ವರ್ಷದ ಚಂದಾ ಕೈಗೆ ಬರುತ್ತಿತ್ತಲ್ಲ!" ಎಂದರು. ಎಲ್ಲರೂ ನಕ್ಕೆವು. ನಕ್ಕ ಮೇಲೂ ಅವರ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ದಾನಕ್ಕೆ ಅರ್ಜಿ ಎಂಬುದು ಯಾವಾಗ ಬಂತು? ಯಾರು ತಂದರು? ಅದರಿಂದ ಯಾರಿಗೆ ಲಾಭವಾಯಿತು? ಆ ಹದಿನಾಲ್ಕು ಪುಟ ತುಂಬುವ ಸಂಕಟದ ನಡುವೆಯೇ ನಾವು ಓದಿ ತಿಳಿದುಕೊಂಡದ್ದನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ದತ್ತಿ ಎಂಬುದು ಕನ್ನಡಿಗರಿಗೆ ಹೊಸದಲ್ಲ. ನಮ್ಮ ನಾಡಿನ ಶಾಸನಗಳಲ್ಲಿ ಬಹುಪಾಲು ದತ್ತಿಯ ಶಾಸನಗಳೇ. ಇಂಥ ದೇವಾಲಯಕ್ಕೆ ಇಷ್ಟು ಮತ್ತರು ಗದ್ದೆ, ಇಂಥ ಬಸದಿಯ ಋಷಿಯರ ಆಹಾರಕ್ಕೆ ಇಷ್ಟು ತೋಟ, ನಂದಾದೀವಿಗೆಗೆ ಇಂಥ ಗಾಣದ ಎಣ್ಣೆ, ಮಠದಲ್ಲಿ ಓದುವ ಮಾಣಿಗಳಿಗೆ ಇಷ್ಟು ಹಣ ಎಂದು ಕಲ್ಲಿನಲ್ಲಿ ಕೊರೆಸಿ, ಕೊನೆಗೆ ಅದನ್ನು ಕೆಡಿಸಿದವನಿಗೆ ಶಾಪ ಹಾಕಿ ಮುಗಿಸುತ್ತಿದ್ದರು. ಆ ಶಾಪವೇ ಆಗಿನ ಆಡಿಟ್. ಕೊಟ್ಟವನು ಸತ್ತ ಮೇಲೆ ಹಣ ಸರಿಯಾಗಿ ಸಲ್ಲುವುದೇ ಎಂಬ ಅಂಜಿಕೆ ಆಗಲೂ ಇತ್ತು. ಅದಕ್ಕೆ ಪರಿಹಾರವಾಗಿ ಅವರ ಕೈಯಲ್ಲಿದ್ದದ್ದು ಪಾಪಭೀತಿ ಒಂದೇ, ಜೊತೆಗೆ ಊರಿನ ಮಹಾಜನರ ಸಾಕ್ಷಿ. ಆದರೆ ಎರಡು ಅಗ್ರಹಾರಗಳು ಒಂದೇ ದತ್ತಿಗಾಗಿ ತಮ್ಮ ತಮ್ಮ ಯೋಜನೆ ಬರೆದು ಅರಸನ ಮುಂದಿಟ್ಟು, ಅವನು ಅಂಕ ಹಾಕಿ ಒಂದನ್ನು ಆರಿಸಿದ ಶಾಸನ ನಮ್ಮ ಕಣ್ಣಿಗಂತೂ ಬಿದ್ದಿಲ್ಲ.

ಹಣದ ಹಿಂದೆ ಷರತ್ತು, ಷರತ್ತಿನ ಹಿಂದೆ ತಪಾಸಣೆ ಎಂಬ ಕ್ರಮವನ್ನು ನಮ್ಮವರು ಮೊದಲು ಕಂಡದ್ದು ಸರಕಾರದ ಕಡೆಯಿಂದ. 1854ರಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ನಿರೂಪದಲ್ಲಿ ಖಾಸಗಿ ಶಾಲೆಗಳಿಗೆ ಸಹಾಯಧನ ಕೊಡುವ ಪದ್ಧತಿಯನ್ನು ವಿಧಿಸಲಾಯಿತು. ಶಾಲೆಯಲ್ಲಿ ಲೌಕಿಕ ಶಿಕ್ಷಣ ಚೆನ್ನಾಗಿರಬೇಕು, ನೋಡಿಕೊಳ್ಳಲು ಸ್ಥಳೀಯರ ಆಡಳಿತ ಇರಬೇಕು, ಸರಕಾರದ ಇನ್‌ಸ್ಪೆಕ್ಟರರಿಗೆ ಬಾಗಿಲು ತೆರೆದಿರಬೇಕು, ಹುಡುಗರಿಂದ ಅಲ್ಪಸ್ವಲ್ಪವಾದರೂ ಫೀ ತೆಗೆದುಕೊಳ್ಳಬೇಕು. ಮುಂಬಯಿ ಆಧಿಪತ್ಯದಲ್ಲಿ 1860ರ ದಶಕದಲ್ಲಿ ಇದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಪಾಸಣೆಯ ದಿನ ಎಷ್ಟು ಹುಡುಗರು ಯಾವ ಮಟ್ಟದಲ್ಲಿ ಪಾಸಾದರು ಎಂಬ ಲೆಕ್ಕದ ಮೇಲೆ ಹಣ ಸಿಗುವಂತಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆಗ ಇದೇ ಆಧಿಪತ್ಯದಲ್ಲಿದ್ದವು. ಸಾಹೇಬರು ಬರುವ ದಿನ ಮಾಸ್ತರರ ಎದೆ ಹೊಡೆದುಕೊಳ್ಳುತ್ತಿದ್ದುದು ಬರೀ ಗೌರವದಿಂದಲ್ಲ. ಜಾಣ ಹುಡುಗನಿಗೆ ಅಂದು ಜ್ವರ ಬಂದರೆ ಶಾಲೆಯ ವರಮಾನಕ್ಕೂ ಜ್ವರ. ಈ ಪದ್ಧತಿಯ ಗುಣವೂ ದೋಷವೂ ಅಂದಿನಿಂದ ಇಂದಿನವರೆಗೆ ಅವೇ ಆಗಿ ಉಳಿದಿವೆ: ಅಳೆಯಬಹುದಾದದ್ದಕ್ಕೆ ಹಣ, ಅಳೆಯಲಾಗದ್ದಕ್ಕೆ ನಮಸ್ಕಾರ.

ಈಗ ಮುಂಬಯಿಯ ಧನಿಕರ ಕಡೆಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ಸೇಠರು ಕೊಡುಗೈ ದಾನಿಗಳು. ಜಮಶೇಟಜಿ ಜೀಜೀಭಾಯಿಯವರ ಹೆಸರಿನ ಆಸ್ಪತ್ರೆ ಭಾಯಖಳಾದಲ್ಲಿ ಇಂದಿಗೂ ಇದೆ; ಮಾಹೀಮಿನ ಸೇತುರಸ್ತೆ ಅವರ ಪತ್ನಿ ಅವಾಬಾಯಿಯವರ ದಾನ; ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ಪ್ರೇಮಚಂದ್ ರಾಯಚಂದರು ತಾಯಿಯ ಹೆಸರಿನಲ್ಲಿ ಕಟ್ಟಿಸಿದ್ದು. ಈ ದಾನಗಳೆಲ್ಲ ಬಹುಮಟ್ಟಿಗೆ ದಾನಿಯ ಮನಸ್ಸಿಗೆ ಬಂದಂತೆ ನಡೆದವು. ಕೇಳುವವನು ಬಾಗಿಲಿಗೆ ಹೋಗುತ್ತಿದ್ದ, ಸೇಠರ ಮನಸ್ಸು ಕರಗಿದರೆ ಕೆಲಸವಾಗುತ್ತಿತ್ತು.

ಇದರಲ್ಲಿ ಬೇರೆ ದಾರಿ ಹಿಡಿದವರು ಜಮಶೇಟಜಿ ಟಾಟಾ. 1892ರಲ್ಲಿ ಅವರು ಪರದೇಶದಲ್ಲಿ ಉನ್ನತ ಶಿಕ್ಷಣ ಪಡೆಯಲಿಚ್ಛಿಸುವ ತರುಣರಿಗಾಗಿ ಒಂದು ನಿಧಿಯನ್ನು ಸ್ಥಾಪಿಸಿದರು. ಮೊದಲು ಪಾರಸಿಗಳಿಗಷ್ಟೇ ಮೀಸಲಾಗಿದ್ದ ಅದನ್ನು 1894ರಲ್ಲಿ ಎಲ್ಲ ಭಾರತೀಯರಿಗೂ ತೆರೆದರು. ಅದು ದಾನವೂ ಅಲ್ಲ, ಪೂರ್ತಿ ಸಾಲವೂ ಅಲ್ಲ. ಯೋಗ್ಯತೆ ನೋಡಿ ಆರಿಸಿ ಕೊಡುವ, ಸಂಪಾದನೆ ಆರಂಭವಾದ ಮೇಲೆ ಹಿಂತಿರುಗಿಸಬೇಕಾದ ವಿದ್ಯಾರ್ಥಿವೇತನ. ಹಿಂತಿರುಗಿ ಬಂದ ಹಣ ಮುಂದಿನವನಿಗೆ. ಬಡವನಿಗೆ ಒಂದು ಹೊತ್ತಿನ ಊಟ ಹಾಕುವುದಕ್ಕಿಂತ ನಾಡಿನ ಬುದ್ಧಿವಂತರನ್ನು ಮೇಲೆತ್ತಿದರೆ ನಾಡಿಗೆ ಹೆಚ್ಚು ಪ್ರಯೋಜನ ಎಂಬುದು ಅವರ ನಿಲುವು. ನಾವು ಇದನ್ನು ಪೂರ್ತಿ ಒಪ್ಪುವವರಲ್ಲ, ಹಸಿದವನಿಗೆ ನಾಡಿನ ಪ್ರಯೋಜನಕ್ಕಾಗಿ ಕಾಯಲು ಪುರುಸೊತ್ತಿರುವುದಿಲ್ಲ. ಆದರೆ ಆ ನಿಧಿಯಿಂದ ಮೊದಲು ಹೊರಟ ಇಬ್ಬರೂ ಹೆಂಗಸರು, ಡಾ. ಫ್ರೇನಿ ಕಾಮಾ ಮತ್ತು ಡಾ. ಕೃಷ್ಣಾಬಾಯಿ ಕೇಳವಕರ, ಎಂಬುದನ್ನು ಓದಿದಾಗ ನಮ್ಮ ತಲೆ ತಾನಾಗಿ ಬಾಗಿತು. ಮುಂದೆ ನಮ್ಮ ತುಮಕೂರಿನ ರಾಜಾ ರಾಮಣ್ಣನವರು ಲಂಡನ್ನಿಗೆ ಹೋದದ್ದೂ ಇದೇ ನಿಧಿಯ ನೆರವಿನಿಂದ.

ಜಮಶೇಟಜಿಯವರು 1898ರಲ್ಲಿ ವಿಜ್ಞಾನದ ವಿಶ್ವವಿದ್ಯಾಲಯವೊಂದಕ್ಕಾಗಿ ಮುಂಬಯಿಯ ತಮ್ಮ ಕಟ್ಟಡಗಳನ್ನೂ ಜಮೀನುಗಳನ್ನೂ ಬಿಟ್ಟುಕೊಡಲು ಮುಂದಾದ ಕಥೆ ಬೆಂಗಳೂರಿನವರಿಗೆ ಬಾಯಿಪಾಠ. ಅಲ್ಲಿ ದಾನಿಯೇ ಅರ್ಜಿದಾರ! ಹಣ ಕೊಡುತ್ತೇನೆ, ಅನುಮತಿ ಕೊಡಿ ಎಂದು ಸರಕಾರದ ಮುಂದೆ ನಿಲ್ಲಬೇಕಾಯಿತು. ಲಾರ್ಡ್ ಕರ್ಜನ್‌ಗೆ ಸಂಶಯ. 1900ರಲ್ಲಿ ವಿಲಿಯಂ ರಾಮ್ಸೆ ಎಂಬ ರಸಾಯನ ವಿಜ್ಞಾನಿಯನ್ನು ಕರೆಸಿ ದೇಶ ಸುತ್ತಿಸಿ ವರದಿ ಬರೆಸಿದರು. ಆತ ಬೆಂಗಳೂರು ತಕ್ಕ ಸ್ಥಳ ಎಂದ. ಮೈಸೂರು ಸಂಸ್ಥಾನ 371 ಎಕರೆ ನೆಲ ಕೊಟ್ಟಿತು. ಕಾಗದಪತ್ರ ಮುಗಿದು ಸಂಸ್ಥೆ ರೂಪುಗೊಂಡದ್ದು 1909ರಲ್ಲಿ. ಜಮಶೇಟಜಿಯವರು 1904ರಲ್ಲೇ ತೀರಿಕೊಂಡಿದ್ದರು. ಕಡತ ನಿಧಾನವಾಗಿ ಸಾಗುವುದು ಸಣ್ಣವರ ಅರ್ಜಿಗೆ ಮಾತ್ರ ಎಂದು ಕೊರಗುವವರು ಇದನ್ನು ನೆನೆದುಕೊಳ್ಳಬಹುದು.

ಆದರೆ ನಮ್ಮ ಹದಿನಾಲ್ಕು ಪುಟಗಳ ಅರ್ಜಿಯ ನಿಜವಾದ ಹಿರಿಯಜ್ಜ ಸಿಕ್ಕಿದ್ದು ಜಮಶೇಟಜಿಯವರ ಕಿರಿಯ ಮಗ ಸರ್ ರತನ್ ಟಾಟಾರ ಉಯಿಲಿನಲ್ಲಿ. ಇವರು ಈಚೆಗೆ 2024ರಲ್ಲಿ ತೀರಿಕೊಂಡ ರತನ್ ಟಾಟಾ ಅಲ್ಲ; 1871ರಲ್ಲಿ ಹುಟ್ಟಿ 1918ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ ಕೊನೆಯುಸಿರೆಳೆದವರು. ಚಿತ್ರ, ಶಿಲ್ಪ, ಜೇಡ್ ಕಲ್ಲಿನ ವಸ್ತುಗಳನ್ನು ಸಂಗ್ರಹಿಸುವ ರಸಿಕರು. ಅವರು ಸಂಗ್ರಹಿಸಿದ್ದನ್ನು ಇಂದಿಗೂ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಅವರು ಬದುಕಿದ್ದಾಗ ಕೊಟ್ಟ ದಾನಗಳ ಪಟ್ಟಿಯೇ ವಿಚಿತ್ರವಾಗಿದೆ. ಗೋಖಲೆಯವರ ಭಾರತ ಸೇವಕ ಸಮಾಜಕ್ಕೆ ಹತ್ತು ವರ್ಷ, ವರ್ಷಕ್ಕೆ 10,000 ರೂಪಾಯಿ. ದಕ್ಷಿಣ ಆಫ್ರಿಕದಲ್ಲಿ ಸತ್ಯಾಗ್ರಹ ನಡೆಸುತ್ತಿದ್ದ ಗಾಂಧಿಯವರಿಗೆ 1909ರಲ್ಲಿ 25,000 ರೂಪಾಯಿ, ಆಮೇಲಿನ ಕಂತುಗಳೆಲ್ಲ ಸೇರಿ ಒಂದೂಕಾಲು ಲಕ್ಷ. ಬಂದ ಹಣ ಯಾವ ಯಾವುದಕ್ಕೆ ಹೋಯಿತೆಂದು ಗಾಂಧಿಯವರು 1910ರಲ್ಲಿ ಗೋಖಲೆಯವರಿಗೆ ಬರೆದು ತಿಳಿಸಿದರು. ಯಾರೂ ಕೇಳುವ ಮೊದಲೇ ಲೆಕ್ಕ ಒಪ್ಪಿಸುವ ಅಭ್ಯಾಸ ಅವರದು. ಅನುದಾನದ ವರದಿ ಬರೆಯುವವರಿಗೆ ಅದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಇಲ್ಲ. ಪಾಟಲಿಪುತ್ರದ ಉತ್ಖನನಕ್ಕೆಂದು 1913ರಿಂದ 1917ರವರೆಗೆ 75,000 ರೂಪಾಯಿ ಕೊಟ್ಟರು. ಸ್ಪೂನರ್ ಎಂಬ ಅಧಿಕಾರಿ ಅಗೆದು ಮೌರ್ಯರ ಕಾಲದ ಕಂಬಗಳ ಸಭಾಮಂಟಪವನ್ನು ಬೆಳಕಿಗೆ ತಂದ. ಬಡತನದ ಕಾರಣಗಳನ್ನು ಶಾಸ್ತ್ರೀಯವಾಗಿ ಹುಡುಕಬೇಕೆಂದು 1912ರಲ್ಲಿ ಲಂಡನ್ ವಿಶ್ವವಿದ್ಯಾಲಯಕ್ಕೆ ಮೂರು ವರ್ಷ, ವರ್ಷಕ್ಕೆ 1,400 ಪೌಂಡ್ ಕೊಡುವುದಾಗಿ ತಿಳಿಸಿದರು. ಆ ಹಣದಿಂದ ಅಲ್ಲಿನ ಅರ್ಥಶಾಸ್ತ್ರದ ಶಾಲೆಯಲ್ಲಿ ಒಂದು ವಿಭಾಗ ಹುಟ್ಟಿ, ಆರ್. ಎಚ್. ಟಾನಿ ಅದರ ಮೊದಲ ನಿರ್ದೇಶಕರಾಗಿ, ಸರಪಳಿ ಮಾಡುವ ಕೂಲಿಗಳ ಮತ್ತು ದರ್ಜಿಗಳ ಕನಿಷ್ಠ ಕೂಲಿಯ ಮೇಲೆ ಪುಸ್ತಕ ಬರೆದರು. ಮುಂಬಯಿಯ ಹಣದಿಂದ ಇಂಗ್ಲೆಂಡಿನ ಬಡತನದ ಅಧ್ಯಯನ!

ಇಷ್ಟು ಉದಾರವಾಗಿ ಕೊಟ್ಟ ಈ ಮನುಷ್ಯ 1913ರಲ್ಲಿ ಉಯಿಲು ಬರೆಯುವಾಗ ಎಷ್ಟು ಎಚ್ಚರ ವಹಿಸಿದ್ದಾರೆಂದರೆ ಓದಿದವರು ಬೆರಗಾಗಬೇಕು. ಅವರ ಅಪ್ಪಣೆಯ ಸಾರ ಹೀಗಿದೆ. ಕೆಲಸವನ್ನು ಹಳೆಯ ಜಾಡಿನಲ್ಲಿ ಮಾಡಬಾರದು; ದಿನದಿನಕ್ಕೆ ಹೊಸದಾಗಿ ಬರುವ ಅರಿವಿನ ಬೆಳಕಿನಲ್ಲಿ ಮಾಡಬೇಕು. ಯಾವ ಹೊಸ ಪ್ರಯೋಗಕ್ಕೂ, ಅದರ ಯೋಜನೆಯನ್ನು ಬಲ್ಲವರು ಚೆನ್ನಾಗಿ ಸಿದ್ಧಪಡಿಸಿದ ಹೊರತು, ಹಣ ಕೊಡಬಾರದು. ಟ್ರಸ್ಟಿಗಳು ತಾವೇ ನಡೆಸದ ಸಂಸ್ಥೆಗೆ ಕೊಡುವುದಾದರೆ ಒಂದೋ ಅದರ ಆಡಳಿತದಲ್ಲಿ ಅವರಿಗೆ ಪಾಲಿರಬೇಕು. ಇಲ್ಲವೇ ಅದರ ಲೆಕ್ಕಪತ್ರ ಕ್ರಮವಾಗಿ ಆಡಿಟ್ ಆಗಿ ಅವರ ಮುಂದೆ ಬರುತ್ತಿರಬೇಕು, ಅದರ ಕಾರ್ಯಕ್ರಮಕ್ಕೆ ಆಗಾಗ ಅವರ ಒಪ್ಪಿಗೆ ಪಡೆಯುತ್ತಿರಬೇಕು. ಯೋಜನೆ, ಬಲ್ಲವರ ಪರಿಶೀಲನೆ, ಆಡಿಟ್ ಮಾಡಿದ ಲೆಕ್ಕ, ಕಾಲಕಾಲದ ವರದಿ: ನಮ್ಮ ಹದಿನಾಲ್ಕು ಪುಟಗಳ ಅಧ್ಯಾಯಗಳೆಲ್ಲ ಇಲ್ಲಿವೆ. 1919ರಲ್ಲಿ 80 ಲಕ್ಷ ರೂಪಾಯಿಗಳ ಮೂಲಧನದಿಂದ ಅವರ ಹೆಸರಿನ ಟ್ರಸ್ಟ್ ಕೆಲಸ ಆರಂಭಿಸಿತು. ಹೊಸ ಬೆಳಕಿಗೆ ಕಣ್ತೆರೆದಿರಿ ಎಂಬ ಮಾತೂ, ಚೆನ್ನಾಗಿ ಸಿದ್ಧವಾಗದ್ದನ್ನು ಮುಟ್ಟಬೇಡಿ ಎಂಬ ಮಾತೂ ಒಂದೇ ಉಯಿಲಿನಲ್ಲಿರುವುದನ್ನು ನಾವು ಮತ್ತೆ ಮತ್ತೆ ಓದಿದೆವು. ನಿಜವಾಗಿ ಹೊಸದಾದ ಕೆಲಸವೊಂದು ಆರಂಭದಲ್ಲಿ ಯಾವಾಗ ಚೆನ್ನಾಗಿ ಸಿದ್ಧವಾಗಿರುತ್ತದೆ?

ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದಲ್ಲೂ ಒಬ್ಬರು ಇದೇ ಚಿಂತೆಯಲ್ಲಿದ್ದರು. ಕ್ಲೀವ್‌ಲೆಂಡ್ ನಗರದ ಬ್ಯಾಂಕೊಂದರ ಅಧ್ಯಕ್ಷ ಫ್ರೆಡರಿಕ್ ಗಾಫ್. ಸತ್ತವನ ಕೈ ಬದುಕಿರುವವರ ಕೈ ಕಟ್ಟಬಾರದು ಎಂಬುದು ಅವರ ವಾದ. ಅದಕ್ಕೆ ಸೇಂಟ್ ಲೂಯಿಸ್ ಊರಿನ ಒಂದು ಉದಾಹರಣೆ ಪ್ರಸಿದ್ಧ. ಬ್ರಯನ್ ಮುಲನ್‌ಫಿ ಎಂಬ ಶ್ರೀಮಂತ 1851ರಲ್ಲಿ ತೀರಿಕೊಂಡಾಗ, ಆ ಊರಿನ ಮೂಲಕ ಪಶ್ಚಿಮಕ್ಕೆ ಗುಳೆ ಹೋಗುವ ಬಡ ಪ್ರಯಾಣಿಕರ ನೆರವಿಗೆಂದು ತನ್ನ ಆಸ್ತಿಯ ಮೂರನೆಯ ಒಂದು ಪಾಲು ಬಿಟ್ಟಿದ್ದ. ಎತ್ತಿನ ಗಾಡಿಯ ಕಾಲದಲ್ಲಿ ಅದು ದೊಡ್ಡ ಪುಣ್ಯದ ಕೆಲಸ. ರೈಲು ಬಂತು, ಗಾಡಿಗಳು ನಿಂತವು, ಪ್ರಯಾಣಿಕರು ಇಳಿಯುವುದೇ ನಿಂತಿತು. ಹಣ ಮಾತ್ರ ಬೆಳೆಯುತ್ತ ಹೋಯಿತು, ಕೊಡಲು ಜನವಿಲ್ಲ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಕಥೆ ಬೇಗ ಮನಸ್ಸಿಗೆ ನಾಟುತ್ತದೆ. ಊರಿನಿಂದ ಹೊಸದಾಗಿ ಬಂದಿಳಿದ ಹುಡುಗರಿಗಾಗಿ ಈ ನಗರದಲ್ಲಿ ನಮ್ಮ ಹಿರಿಯರು ಮಾಡಿದ ಏರ್ಪಾಡುಗಳಲ್ಲಿ ಎಷ್ಟು ಈಗಲೂ ಹುಡುಗರಿಗಾಗಿ ಕಾಯುತ್ತಿವೆ!

ಗಾಫ್ 1914ರ ಜನವರಿ 2ರಂದು ಕ್ಲೀವ್‌ಲೆಂಡ್ ಪ್ರತಿಷ್ಠಾನವನ್ನು ಹುಟ್ಟುಹಾಕಿದರು. ಊರಿನ ಅನೇಕರ ಉಯಿಲುಗಳ ಹಣ ಒಂದೇ ಹುಂಡಿಗೆ. ಅದನ್ನು ಹಂಚಲು ಒಂದು ಸಮಿತಿ. ಸಮಿತಿಯಲ್ಲಿ ಬ್ಯಾಂಕು ನೇಮಿಸಿದವರಷ್ಟೇ ಅಲ್ಲದೆ ಮೇಯರ್ ಮತ್ತು ನ್ಯಾಯಾಧೀಶರು ನೇಮಿಸಿದ ನಾಗರಿಕರು. ಕಾಲ ಬದಲಾದಂತೆ ಊರಿಗೆ ಏನು ಬೇಕೋ ಅದಕ್ಕೆ ಹಣ. ಇದರಲ್ಲಿ ನಮಗೆ ಮೆಚ್ಚಿಕೆಯಾದದ್ದು ಇನ್ನೊಂದು. ಹಂಚಲು ಕೈಯಲ್ಲಿ ಹೆಚ್ಚು ಹಣವಿಲ್ಲದ ಮೊದಲ ವರ್ಷಗಳಲ್ಲಿ ಅವರು ಊರಿನ ಅಗತ್ಯಗಳನ್ನೇ ಅಳೆದರು. ಶಾಲೆಗಳ ಸಮೀಕ್ಷೆ 1915-16ರಲ್ಲಿ, ನ್ಯಾಯಾಲಯ ಮತ್ತು ಪೊಲೀಸರ ವ್ಯವಸ್ಥೆಯ ಸಮೀಕ್ಷೆ 1922ರಲ್ಲಿ ಪ್ರಕಟವಾಯಿತು. ಅರ್ಜಿದಾರನನ್ನು ಪ್ರಶ್ನಿಸುವ ಮೊದಲು ಊರನ್ನು ತಿಳಿಯಬೇಕು ಎಂಬ ವಿವೇಕ ಅದು. ಆ ಮಾದರಿ ಬೇಗನೆ ಚಿಕಾಗೊ, ಬಾಸ್ಟನ್‌ಗಳಿಗೆ ಹಬ್ಬಿತು. ನಮ್ಮ ಮುಂಬಯಿಯಲ್ಲಿ ಅಂಥ ನಾಗರಿಕ ನಿಧಿ, ಬಾಂಬೆ ಕಮ್ಯೂನಿಟಿ ಪಬ್ಲಿಕ್ ಟ್ರಸ್ಟ್, ಆರಂಭವಾದದ್ದು 1991ರಲ್ಲಿ.

ಮತ್ತೆ ಟಾಟಾ ಮನೆತನಕ್ಕೆ. ಹಿರಿಯ ಮಗ ಸರ್ ದೋರಾಬಜಿಯವರ ಕಥೆಯಲ್ಲಿ ಮೈಸೂರಿನ ನಂಟಿದೆ. ಆಗ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು ಹೊರ್ಮಸಜಿ ಭಾಭಾ. ಅವರ ಮಗಳು ಮೆಹರ್‌ಬಾಯಿ ಅಲ್ಲೇ ಬೆಳೆದವರು. ದೋರಾಬಜಿಯವರು ಅವರನ್ನು ಕಂಡದ್ದು ಮೈಸೂರಿನಲ್ಲಿ, ಮದುವೆಯಾದದ್ದು 1898ರಲ್ಲಿ. 1931ರಲ್ಲಿ ಮೆಹರ್‌ಬಾಯಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ದೋರಾಬಜಿಯವರು ಪತ್ನಿಯ ಹೆಸರಿನಲ್ಲಿ ಆ ರೋಗದ ಸಂಶೋಧನೆಗೆ ಒಂದು ನಿಧಿಯನ್ನಿಟ್ಟು, ತಮ್ಮ ಉಳಿದ ಸರ್ವಸ್ವವನ್ನೂ, 245 ಕ್ಯಾರೆಟ್ಟಿನ ಜ್ಯೂಬಿಲಿ ವಜ್ರವನ್ನೂ ಬಿಡದೆ, ಇನ್ನೊಂದು ಟ್ರಸ್ಟಿಗೆ ಬರೆದುಕೊಟ್ಟು, ಜೂನ್ 3ರಂದು ಜರ್ಮನಿಯಲ್ಲಿ ಕಣ್ಣುಮುಚ್ಚಿದರು. ಸ್ಥಳ, ದೇಶ, ಮತಗಳ ಭೇದವಿಲ್ಲದೆ ಖರ್ಚುಮಾಡಬೇಕು ಎಂಬುದು ಅವರ ಅಪ್ಪಣೆ. ಇಂಥ ಟ್ರಸ್ಟುಗಳು ಸೇರಿ ಇಂದು ಟಾಟಾ ಸನ್ಸ್ ಕಂಪನಿಯ ಸುಮಾರು ಮೂರನೆಯ ಎರಡು ಭಾಗ ಷೇರುಗಳನ್ನು ಹಿಡಿದಿವೆ.

ಈ ಟ್ರಸ್ಟಿಗಳ ಮುಂದೆ ಬಂದ ಕೋರಿಕೆಗಳು ಅಸಂಖ್ಯ. ಕೇಳಿದವರಿಗೆಲ್ಲ ಚೂರುಚೂರು ಹಂಚಿದರೆ ನದಿಯ ನೀರನ್ನು ಚಮಚದಲ್ಲಿ ಹಂಚಿದಂತೆ. ಆಗ ನಾಗಪಾಡಾದಲ್ಲಿ, ಗಿರಣಿ ಕೂಲಿಗಳ ಮತ್ತು ಬಡವರ ಕೇರಿಗಳ ನಡುವೆ, 1926ರಿಂದ ನೆರೆಹೊರೆಯ ಸೇವಾಮಂದಿರವೊಂದನ್ನು ನಡೆಸುತ್ತಿದ್ದ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಎಂಬ ಅಮೆರಿಕನ್ ಮಿಶನರಿ ಅವರಿಗೆ ಬೇರೊಂದು ದಾರಿ ತೋರಿಸಿದರು. ಸೇವೆ ಮಾಡಬಲ್ಲವರನ್ನು ತರಬೇತಿ ಕೊಟ್ಟು ತಯಾರು ಮಾಡುವ ಶಾಲೆ ಬೇಕು ಎಂದರು. 1936ರಲ್ಲಿ ಅದೇ ನಾಗಪಾಡಾದ ಕಟ್ಟಡದಲ್ಲಿ ಸಮಾಜಕಾರ್ಯದ ಶಾಲೆ ಆರಂಭವಾಯಿತು. 1944ರಲ್ಲಿ ಅದು ಟಾಟಾ ಸಮಾಜ ವಿಜ್ಞಾನಗಳ ಸಂಸ್ಥೆಯೆಂಬ ಹೆಸರು ತಳೆದು, 1954ರಲ್ಲಿ ದೇವನಾರಿಗೆ ಹೋಯಿತು. ಅರ್ಜಿಗಳನ್ನು ಓದುವವರನ್ನೂ ಬರೆಯುವವರನ್ನೂ ತಯಾರು ಮಾಡಿದ ಮನೆ ಅದೇ. ಪರೇಲಿನ ಕ್ಯಾನ್ಸರ್ ಆಸ್ಪತ್ರೆ 1941ರಲ್ಲಿ ಬಂತು. 1957ರಲ್ಲಿ ಸರಕಾರದ ಕೈಗೆ ಹೋಯಿತು. ಕನ್ನಡ ನಾಡಿನಿಂದ ರೋಗಿಗಳನ್ನು ಕರೆದುಕೊಂಡು ಬಂದು ಅದರ ಪಡಸಾಲೆಯಲ್ಲಿ ರಾತ್ರಿ ಕಳೆದ ಕುಟುಂಬಗಳಿಗೆ ನಾವು ಹೆಚ್ಚು ಹೇಳಬೇಕಿಲ್ಲ.

ಈ ಟ್ರಸ್ಟಿಗೆ ಬಂದ ಅರ್ಜಿಗಳಲ್ಲೆಲ್ಲ ಪ್ರಸಿದ್ಧವಾದದ್ದು 1944ರ ಮಾರ್ಚ್ 12ರ ದಿನಾಂಕದ ಪತ್ರ. ಬರೆದವರು ಹೋಮಿ ಭಾಭಾ. ಕೇಂಬ್ರಿಜ್‌ನಿಂದ ರಜೆಗೆಂದು ಬಂದು, ಯುದ್ಧ ಶುರುವಾದ್ದರಿಂದ ಹಿಂತಿರುಗಲಾರದೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವಿಶ್ವಕಿರಣಗಳ ಮೇಲೆ ಕೆಲಸ ಮಾಡುತ್ತಿದ್ದರು. ಆ ಕೆಲಸಕ್ಕೂ ದೋರಾಬಜಿ ಟ್ರಸ್ಟಿನ ನೆರವಿತ್ತು. ಹಿಂದಿನ ವರ್ಷ ಜೆ. ಆರ್. ಡಿ. ಟಾಟಾರಿಗೆ ತಮ್ಮ ಮನಸ್ಸಿನಲ್ಲಿದ್ದುದನ್ನು ತೋಡಿಕೊಂಡಾಗ, ಗಟ್ಟಿಯಾದ ಯೋಜನೆ ಹಾಕಿಕೊಂಡು ಬನ್ನಿ, ಟ್ರಸ್ಟಿನಿಂದ ನೆರವು ಸಿಗಬಹುದು ಎಂಬ ಧಾಟಿಯ ಉತ್ತರ ಬಂದಿತ್ತು. ಟ್ರಸ್ಟಿನ ಅಧ್ಯಕ್ಷ ಸರ್ ಸೊರಾಬ್ ಸಕ್ಲಾತವಾಲಾರಿಗೆ ಭಾಭಾ ಬರೆದ ಪತ್ರದಲ್ಲಿ, ಮೂಲ ಭೌತವಿಜ್ಞಾನದ ಸಂಶೋಧನೆಗೆ ದೇಶದಲ್ಲಿ ತಕ್ಕ ಶಾಲೆಯಿಲ್ಲವೆಂದೂ, ಮುಂದೆ ಪರಮಾಣು ಶಕ್ತಿಯಿಂದ ವಿದ್ಯುತ್ತು ತೆಗೆಯುವ ಕಾಲ ಬಂದಾಗ ತಜ್ಞರಿಗಾಗಿ ಭಾರತ ಹೊರದೇಶದ ಕಡೆ ನೋಡಬೇಕಾಗದೆಂದೂ ವಾದ ಹೂಡಿದ್ದಾರೆ. ಹಿರೋಶಿಮಾದ ಮೇಲೆ ಬಾಂಬು ಬಿದ್ದದ್ದು ಅದಾದ ಮೇಲೆ ಹದಿನೇಳು ತಿಂಗಳಿಗೆ. ಟ್ರಸ್ಟಿಗಳು ಏಪ್ರಿಲ್‌ನಲ್ಲೇ ಒಪ್ಪಿದರು. ಮೊದಲ ವರ್ಷದ 80,000 ರೂಪಾಯಿಗಳಲ್ಲಿ ಟ್ರಸ್ಟಿನದು 45,000, ಮುಂಬಯಿ ಸರಕಾರದ್ದು 25,000, ಭಾರತ ಸರಕಾರದ್ದು 10,000. ಸಂಸ್ಥೆ 1945ರ ಜೂನ್‌ನಲ್ಲಿ ಬೆಂಗಳೂರಿನಲ್ಲೇ ಆರಂಭವಾಗಿ, ವರ್ಷದ ಕೊನೆಗೆ ಮುಂಬಯಿಯ ಪೆಡ್ಡರ್ ರಸ್ತೆಯ ಕೆನಿಲ್‌ವರ್ತ್ ಬಂಗಲೆಗೆ ಬಂತು. ಅದು ಭಾಭಾ ಹುಟ್ಟಿದ ಮನೆ.

ಇದನ್ನು ಒಳ್ಳೆಯ ಅರ್ಜಿಯ ಮಾದರಿಯೆಂದು ಎಲ್ಲರೂ ಹೊಗಳುತ್ತಾರೆ. ನಾವೂ ಹೊಗಳುತ್ತೇವೆ. ಆದರೆ ಒಂದು ಮಾತನ್ನು ಮುಚ್ಚಿಡಬಾರದು. ದೋರಾಬಜಿಯವರ ಪತ್ನಿ ಮೆಹರ್‌ಬಾಯಿ ಹೋಮಿ ಭಾಭಾರ ಸೋದರತ್ತೆ. ಅರ್ಜಿ ಬರೆದವರು ಆ ಮನೆಯ ಹಜಾರದಲ್ಲಿ ಆಡಿ ಬೆಳೆದ ಹುಡುಗ. ಅವರ ಪ್ರತಿಭೆಗೆ ಅದರಿಂದ ಕುಂದಿಲ್ಲ. ಅಷ್ಟೇ ಪ್ರತಿಭೆಯಿದ್ದು ಆ ಹಜಾರವನ್ನು ಕಂಡರಿಯದವನು ಬರೆದಿದ್ದರೆ ಅವನ ಪತ್ರ ಒಂದು ತಿಂಗಳಲ್ಲಿ ಮೇಜಿನ ಮೇಲೆ ಬರುತ್ತಿತ್ತೇ? ಎಲ್ಲರಿಗೂ ಒಂದೇ ಅರ್ಜಿ, ಒಂದೇ ಕೊನೆಯ ದಿನಾಂಕ, ಒಂದೇ ಅಂಕಪಟ್ಟಿ ಎಂಬ ಈಗಿನ ಪದ್ಧತಿಯ ಪರವಾಗಿ ಹೇಳಬಹುದಾದ ದೊಡ್ಡ ಮಾತು ಇದೇ. ನಮ್ಮ ಹಿರಿಯ ಸದಸ್ಯರ ಹೋಟೆಲಿನ ಗಲ್ಲಾದ ನೆನಪೂ ಇಲ್ಲಿಗೇ ಬಂದು ನಿಲ್ಲುತ್ತದೆ. ಗಲ್ಲಾದಲ್ಲಿ ಕೂತವರು ನಮ್ಮೂರವರಾಗಿದ್ದರಿಂದ ನಮಗೆ ಕಾಫಿಯೂ ಸಿಗುತ್ತಿತ್ತು, ಚಂದಾವೂ ಸಿಗುತ್ತಿತ್ತು. ಪಕ್ಕದ ಚಾಳಿನ ಬಿಹಾರದವರು, ಒಡಿಯಾದವರು ಯಾರ ಗಲ್ಲಾದ ಮುಂದೆ ಕೂರಬೇಕಿತ್ತು?

ಆದರೆ ಗಲ್ಲಾದವರಿಗೆ ಗೊತ್ತಿದ್ದ ಒಂದು ಸಂಗತಿ ಅಂಕಪಟ್ಟಿಗೆ ಗೊತ್ತಿಲ್ಲ. ಮುಂಬಯಿಯ ಕೋಟೆ ಭಾಗದ ಕನ್ನಡ ರಾತ್ರಿ ಶಾಲೆಗಳಲ್ಲಿ ಹಗಲೆಲ್ಲ ಲೋಟ ತೊಳೆದ ಹುಡುಗರು ರಾತ್ರಿ ತೂಕಡಿಸುತ್ತ ಓದಿ, ಮೆಟ್ರಿಕ್ ದಾಟಿ, ಗುಮಾಸ್ತರಾಗಿ, ವಕೀಲರಾಗಿ, ಹೋಟೆಲ್ ಮಾಲೀಕರಾಗಿ ಬೆಳೆದರು. ಆ ಮಾಲೀಕರಿಗೆ ರಾತ್ರಿ ಶಾಲೆಯ ಬೆಲೆಯನ್ನು ಯಾರೂ ಕಾಗದದ ಮೇಲೆ ಬರೆದು ತೋರಿಸಬೇಕಾಗಿರಲಿಲ್ಲ.

ಕಾಯಿದೆಗಳ ಕಥೆಯನ್ನು ಬೇಗ ಮುಗಿಸುತ್ತೇವೆ. 1860ರ ಸಂಘಗಳ ನೋಂದಣಿ ಕಾಯಿದೆ, 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಕಾಯಿದೆ, ಇವೆರಡರ ಹೆಸರು ನಮ್ಮ ಸಂಘಗಳ ಲೆಟರ್‌ಹೆಡ್ಡಿನಲ್ಲಿ ಕಂಡವರಿಗೆಲ್ಲ ಪರಿಚಿತ. 2013ರ ಕಂಪನಿ ಕಾಯಿದೆಯ 135ನೆಯ ಕಲಮು ದಾನದ ಲೋಕವನ್ನೇ ಬದಲಾಯಿಸಿತು. ಕಾಯಿದೆ ಬಂದಾಗ ವಿಧಿಸಿದ್ದು ಹೀಗೆ: 500 ಕೋಟಿ ನಿವ್ವಳ ಆಸ್ತಿ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭವಿರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು, ತಾನು ನೆಲೆಸಿದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು. 2014ರ ಏಪ್ರಿಲಿನಿಂದ ಇದು ಜಾರಿಗೆ ಬಂತು. ಧರ್ಮ ಎಂಬುದು ಕಂಪನಿಯ ಲೆಕ್ಕಪುಸ್ತಕದ ಒಂದು ಕಲಮಾಯಿತು. ಹಣ ಹರಿಯಿತು, ಹಣದ ಹಿಂದೆ ಅರ್ಜಿಗಳ ಪ್ರವಾಹವೂ ಹರಿಯಿತು. 2021ರ ಏಪ್ರಿಲಿನಿಂದ ಇಂಥ ಹಣ ಪಡೆಯುವ ಸಂಸ್ಥೆಗಳು ಕಂಪನಿ ವ್ಯವಹಾರಗಳ ಮಂತ್ರಾಲಯದಲ್ಲಿ ಬೇರೆಯೇ ನೋಂದಣಿ ಮಾಡಿಸಬೇಕಾಯಿತು.

ಇನ್ನು ಆಯ್ಕೆ ನಡೆಯುವ ಬಗೆ. ಮೊದಲು ಎರಡು ಪುಟಗಳ ಸಾರಾಂಶ. ಅದು ಹಿಡಿಸಿದರೆ ಪೂರ್ತಿ ಅರ್ಜಿ. ನೋಂದಣಿಯ ಪತ್ರ, ಆದಾಯ ತೆರಿಗೆ ಇಲಾಖೆಯ ಪತ್ರ, ಮೂರು ವರ್ಷಗಳ ಆಡಿಟ್ ವರದಿ. ಮುಂದೆ ಅಧಿಕಾರಿಗಳು ಸ್ಥಳಕ್ಕೆ ಬಂದು ನೋಡುತ್ತಾರೆ, ಸಮಿತಿ ಅಂಕ ಹಾಕುತ್ತದೆ, ಟ್ರಸ್ಟಿಗಳು ಸಹಿ ಹಾಕುತ್ತಾರೆ. ಹಣ ಕಂತಿನಲ್ಲಿ, ಮೊದಲ ಕಂತಿನ ಲೆಕ್ಕ ಒಪ್ಪಿಸದೆ ಎರಡನೆಯದಿಲ್ಲ. ಇದರಲ್ಲಿ ಯಾವುದೊಂದನ್ನೂ ಅನ್ಯಾಯ ಎನ್ನಲಾಗದು.

ನಮ್ಮ ಅರ್ಜಿ ಸಾರಾಂಶದ ಹಂತ ದಾಟಿತ್ತು. ಪೂರ್ತಿ ಅರ್ಜಿಯ ಒಂದು ಪ್ರಶ್ನೆ, ಈ ಕಾರ್ಯಕ್ರಮದಿಂದ ಆಗುವ ಅಳೆಯಬಹುದಾದ ಬದಲಾವಣೆ ಏನು ಎಂಬುದು. ಒಬ್ಬರು "ಮಕ್ಕಳು ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡ ಮಾತಾಡುತ್ತಾರೆ" ಎಂದು ಬರೆಯೋಣ ಎಂದರು. ಕಾರ್ಯದರ್ಶಿಗಳು, "ಎಷ್ಟು ಮಕ್ಕಳು, ವಾರಕ್ಕೆ ಎಷ್ಟು ನಿಮಿಷ ಅಂತ ಕೇಳುತ್ತಾರೆ ರಾಯರೇ" ಎಂದರು. ಕೊನೆಗೆ ಹಾಜರಿಯ ಅಂಕಿ ಬರೆದೆವು. ಸ್ಥಳ ನೋಡಲು ಬಂದ ತರುಣಿ ಬಹಳ ಸೌಜನ್ಯವಂತೆ; ನಮ್ಮ ವಾಚನಾಲಯದ ಹಳೆಯ ಬೀರುಗಳನ್ನು ಪ್ರೀತಿಯಿಂದ ನೋಡಿದಳು. ಲೆಕ್ಕಪುಸ್ತಕ ಕೇಳಿದಾಗ ನಮ್ಮ ಖಜಾಂಚಿಯವರು ರಸೀದಿಗಳಿದ್ದ ಬಿಸ್ಕತ್ತಿನ ಡಬ್ಬಿಯನ್ನು ತಂದಿಟ್ಟರು. ಒಂದು ಪೈಸೆ ತಪ್ಪಿಲ್ಲದ ಡಬ್ಬಿ ಅದು, ನಾವು ಆಣೆಯಿಟ್ಟು ಹೇಳಬಲ್ಲೆವು. ಆದರೆ ಡಬ್ಬಿಗೆ ಅಂಕವಿಲ್ಲ. ಎರಡು ತಿಂಗಳ ಮೇಲೆ ಮೂರು ಸಾಲಿನ ಪತ್ರ ಬಂತು: ಈ ಸಲ ಅರ್ಜಿಗಳು ಬಹಳ ಬಂದಿದ್ದವು, ಮುಂದೆ ಪ್ರಯತ್ನಿಸಿ.

ಸಿಕ್ಕವರ ಕಥೆಯೂ ಸುಖಾಂತವೇ ಆಗಬೇಕೆಂದಿಲ್ಲ. ಅನುದಾನಕ್ಕೆ ಅವಧಿ ಇರುತ್ತದೆ. ಕೆಲಸಕ್ಕೆ, ಕೆಲಸ ಮಾಡುವವರ ಸಂಸಾರಕ್ಕೆ ಅವಧಿ ಇರುವುದಿಲ್ಲ. 2024ರ ಜೂನ್ 28ರಂದು, ಅದೇ ದೇವನಾರಿನ ಸಂಸ್ಥೆಯಲ್ಲಿ, ಟಾಟಾ ಟ್ರಸ್ಟಿನ ಅನುದಾನದಿಂದ ಸಂಬಳ ಪಡೆಯುತ್ತಿದ್ದ ನೂರಕ್ಕೂ ಹೆಚ್ಚು ಅಧ್ಯಾಪಕರಿಗೆ ಮತ್ತು ಸಿಬ್ಬಂದಿಗೆ ಸೇವೆ ಮುಗಿಯಿತೆಂಬ ನೋಟಿಸು ಹೋಯಿತು. ಅವರಲ್ಲಿ ವರ್ಷಗಟ್ಟಲೆ ದುಡಿದವರಿದ್ದರು. ಟ್ರಸ್ಟಿನವರು ಹಣ ಕೊಡುವುದಾಗಿ ತಿಳಿಸಿದ ಮೇಲೆ ಎರಡು ದಿನಗಳಲ್ಲಿ ನೋಟಿಸನ್ನು ಹಿಂದೆಗೆದುಕೊಂಡರು. 1936ರಲ್ಲಿ ನಾಗಪಾಡಾದಲ್ಲಿ ಆ ಟ್ರಸ್ಟೇ ಹೆತ್ತು ಸಾಕಿದ ಕೂಸಿಗೆ ಈ ಗತಿ ಎರಡು ರಾತ್ರಿಯ ಮಟ್ಟಿಗಾದರೂ ಬಂದಿತೆಂದರೆ, ನಮ್ಮಂಥ ಸಣ್ಣ ಸಂಘಗಳು ಮೂರು ವರ್ಷದ ಹಣವನ್ನು ನಂಬಿ ಮಾಸ್ತರರನ್ನು ನೇಮಿಸುವ ಮೊದಲು ನಾಲ್ಕನೆಯ ವರ್ಷದ ಮಾತು ಆಡಿಕೊಳ್ಳಬೇಕು.

ಸಮಿತಿ ಈ ವರ್ಷ ಮತ್ತೆ ಅರ್ಜಿ ಹಾಕುವುದೆಂದು ತೀರ್ಮಾನಿಸಿದೆ. ಖಜಾಂಚಿಯವರ ಡಬ್ಬಿಯಲ್ಲಿದ್ದುದೆಲ್ಲ ಈಗ ಒಬ್ಬ ಸದಸ್ಯರ ಮಗಳು ಕಂಪ್ಯೂಟರಿನಲ್ಲಿ ಏರಿಸುತ್ತಿದ್ದಾಳೆ. ಡಬ್ಬಿಯನ್ನು ಮಾತ್ರ ಖಜಾಂಚಿಯವರು ಬಿಟ್ಟುಕೊಟ್ಟಿಲ್ಲ. ಅರ್ಜಿಯಲ್ಲಿ ಸಂಸ್ಥೆಯ ಹಿಂದಿನ ಸಾಧನೆಗೆ ದಾಖಲೆ ಲಗತ್ತಿಸಿ ಎಂಬ ಕಲಮಿದೆ. ನಮ್ಮ ರಾತ್ರಿ ತರಗತಿಗಳ ಹಳೆಯ ಹಾಜರಿ ಪುಸ್ತಕಗಳು, ವಾರ್ಷಿಕೋತ್ಸವದ ಆಮಂತ್ರಣಗಳು, ಪಾಸಾದ ಹುಡುಗರ ಪಟ್ಟಿಗಳು ಸ್ಥಳ ಬದಲಾಯಿಸುವಾಗ ಅಲ್ಲಲ್ಲಿ ಹಂಚಿಹೋಗಿವೆ. ಓದುಗರಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ, ತೀರಿಕೊಂಡ ಹಿರಿಯರ ಟ್ರಂಕಿನಲ್ಲಾದರೂ ಅಂಥವು ಉಳಿದಿದ್ದರೆ, ಯಾವುದಾದರೂ ಶನಿವಾರ ಸಂಜೆ ವಾಚನಾಲಯಕ್ಕೆ ತಂದುಕೊಡಬೇಕಾಗಿ ವಿನಂತಿ. ನಕಲು ತೆಗೆದುಕೊಂಡು ಮೂಲಪ್ರತಿಯನ್ನು ಹಿಂತಿರುಗಿಸುತ್ತೇವೆ.